ಡೀಸೆಲ್ ಕಾರೋ, ಪೆಟ್ರೋಲ್ ಕಾರೋ? ಲೆಕ್ಕ ಹಾಕಿ ನೋಡೋಣ



ಮೊದಲು ಊರಿಗೆಲ್ಲ ಒಂದು ಕಾರು ಇದ್ದರೆ ಅದೇ ಹೆಚ್ಚು. ಈಗ ಹಾಗಿಲ್ಲ. ಒಬ್ಬರು ಬಾಡಿಗೆಗೆ ಓಡಿಸಲು ಕಾರು ಕೊಳ್ಳುತ್ತಾರೆ. ಇನ್ನೊಬ್ಬರು ಆಸ್ಪತ್ರೆಗೆ, ಸಂತೆಗೆ, ನೆಂಟರ ಮನೆಗೆ ಹೋಗಿಬರಲು ಕೊಳ್ಳುತ್ತಾರೆ. ಹೊಸದಾಗಲಿ, ಹಳೆಯದಾಗಲಿ, ಕಾರು ಎಂದರೆ ಲಕ್ಷಗಟ್ಟಲೆ ಹಣದ ಮಾತು.

ಆ ಹಣ ಎಲ್ಲಿಂದ ಬರುತ್ತದೆ? ಬ್ಯಾಂಕಿನ ಸಾಲದಿಂದ. ಸಂಘದ ಸಾಲದಿಂದ. ಎಷ್ಟೋ ಸಲ ನಮ್ಮ ಕೊರಳಿನ ಸರ, ಕೈಯ ಬಳೆ ಅಡವಿಗೆ ಹೋಗುತ್ತವೆ. ಸಾಲದ ಕಾಗದಕ್ಕೆ ನಮ್ಮ ಸಹಿಯನ್ನೂ ಕೇಳುತ್ತಾರೆ. ಸಹಿ ನಮ್ಮದಾದ ಮೇಲೆ ಲೆಕ್ಕವೂ ನಮಗೆ ಗೊತ್ತಿರಬೇಕು. ಅಲ್ಲವೇ?

ಕಾರಿನ ಮಾತು ಬಂದಾಗ ಮನೆಯಲ್ಲಿ ಒಂದು ಚರ್ಚೆ ಏಳುತ್ತದೆ.

"ಡೀಸೆಲ್ ಗಾಡೀನೇ ತಗೊಳ್ಳೋಣ. ಖರ್ಚು ಕಡಿಮೆ" ಅಂತಾರೆ ಒಬ್ಬರು.

"ಬೇಡಪ್ಪ, ಡೀಸೆಲ್ ಗಾಡಿ ರಿಪೇರಿಗೆ ಬಂದ್ರೆ ಕೈ ಸುಡುತ್ತೆ. ಪೆಟ್ರೋಲೇ ಸಾಕು" ಅಂತಾರೆ ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಹಾಗಾದರೆ ನಮ್ಮ ಮನೆಗೆ ಯಾವುದು ಸರಿ? ಅದನ್ನು ತಿಳಿಯಲು ಒಂದು ಪೆನ್ಸಿಲು, ಒಂದು ಹಾಳೆ ಸಾಕು. ಮೊದಲು ಎರಡು ಕಾರುಗಳಿಗೆ ಇರುವ ವ್ಯತ್ಯಾಸ ತಿಳಿಯೋಣ. ಆಮೇಲೆ ಲೆಕ್ಕ ಹಾಕೋಣ.

ಎರಡೂ ಒಂದೇ ತಾಯಿಯ ಮಕ್ಕಳು

ಪೆಟ್ರೋಲ್, ಡೀಸೆಲ್ ಎರಡೂ ಕಚ್ಚಾ ತೈಲದಿಂದ ಬರುತ್ತವೆ. ಕಚ್ಚಾ ತೈಲ ಭೂಮಿಯ ಒಳಗೆ ಸಿಗುತ್ತದೆ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದ ಹೆಚ್ಚಿನ ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅದನ್ನು ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕಾಯಿಸುತ್ತಾರೆ. ನಮ್ಮ ರಾಜ್ಯದಲ್ಲಿ ಇಂಥ ಕಾರ್ಖಾನೆ ಮಂಗಳೂರಿನಲ್ಲಿದೆ. ಅದು 1996ರಲ್ಲಿ ಕೆಲಸ ಶುರು ಮಾಡಿತು.

ಅನ್ನದ ಪಾತ್ರೆ ಕುದಿಯುವಾಗ ಆವಿ ಮೇಲೇಳುತ್ತದೆ. ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗುತ್ತದೆ. ಕಾರ್ಖಾನೆಯಲ್ಲೂ ಹೀಗೇ ನಡೆಯುತ್ತದೆ. ಕಚ್ಚಾ ತೈಲ ಕಾದಾಗ ಆವಿಯಾಗುತ್ತದೆ. ಆ ಆವಿಯನ್ನು ತಣಿಸಿ ಬೇರೆ ಬೇರೆ ಎಣ್ಣೆ ಪಡೆಯುತ್ತಾರೆ. ಪೆಟ್ರೋಲ್ ಹಗುರ. ಅದು ಕಡಿಮೆ ಶಾಖಕ್ಕೇ ಆವಿಯಾಗುತ್ತದೆ. ಸೀಮೆಎಣ್ಣೆಗೆ ಅದಕ್ಕಿಂತ ಹೆಚ್ಚು ಶಾಖ ಬೇಕು. ಡೀಸೆಲ್‌ಗೆ ಇನ್ನೂ ಹೆಚ್ಚು ಶಾಖ ಬೇಕು. ಅದು ಭಾರದ ಎಣ್ಣೆ.

ಇದನ್ನು ನಾವೂ ಕಂಡಿದ್ದೇವೆ. ಪೆಟ್ರೋಲ್ ಹನಿ ನೆಲಕ್ಕೆ ಬಿದ್ದರೆ ಬೇಗ ಆರಿಹೋಗುತ್ತದೆ. ಡೀಸೆಲ್ ಬಿದ್ದರೆ ಜಿಡ್ಡಾಗಿ ಅಲ್ಲೇ ನಿಲ್ಲುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಆದ್ದರಿಂದ ಒಂದು ಲೀಟರ್ ಡೀಸೆಲ್‌ನಲ್ಲಿ ಶಕ್ತಿಯೂ ಸ್ವಲ್ಪ ಹೆಚ್ಚು.

ಕಿಡಿ ಬೇಕಾದ ಎಂಜಿನ್, ಕಿಡಿ ಬೇಡದ ಎಂಜಿನ್

ಪೆಟ್ರೋಲ್ ಎಂಜಿನ್ನಿನ ಒಳಗೆ ಗಾಳಿ ಮತ್ತು ಪೆಟ್ರೋಲ್ ಬೆರೆಯುತ್ತವೆ. ಸ್ಪಾರ್ಕ್ ಪ್ಲಗ್ ಎಂಬ ಭಾಗ ಕಿಡಿ ಹೊಡೆಯುತ್ತದೆ. ಕಿಡಿಗೆ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಆ ಬಲಕ್ಕೆ ಎಂಜಿನ್ ತಿರುಗುತ್ತದೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಹಾಗಾದರೆ ಬೆಂಕಿ ಹೇಗೆ ಹತ್ತುತ್ತದೆ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನು ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತುತ್ತದೆ. ಗಾಳಿ ಕೆಂಡದಷ್ಟು ಕಾಯುತ್ತದೆ. ಆಗ ಡೀಸೆಲ್ ಅನ್ನು ತುಂತುರಾಗಿ ಚಿಮ್ಮಿಸುತ್ತದೆ. ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ.

ಈ ಎಂಜಿನ್ ಕಂಡುಹಿಡಿದವರು ಜರ್ಮನಿಯ ರುಡಾಲ್ಫ್ ಡೀಸೆಲ್. ಡೀಸೆಲ್ ಎಂಬುದು ಅವರ ಮನೆತನದ ಹೆಸರು. ಅದೇ ಎಣ್ಣೆಗೂ ಬಂತು. 1897ರಲ್ಲಿ ಅವರ ಎಂಜಿನ್ ಚೆನ್ನಾಗಿ ಓಡಿತು. 1900ರಲ್ಲಿ ಪ್ಯಾರಿಸ್ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಇಂಥ ಒಂದು ಎಂಜಿನ್ನನ್ನು ಯಾವ ಎಣ್ಣೆಯಲ್ಲಿ ಓಡಿಸಿದರು ಗೊತ್ತೇ? ಶೇಂಗಾ ಎಣ್ಣೆಯಲ್ಲಿ!

ಗಾಳಿಯನ್ನು ಹೆಚ್ಚು ಒತ್ತುವುದರಿಂದ ಡೀಸೆಲ್ ಎಂಜಿನ್ನು ಎಣ್ಣೆಯ ಶಕ್ತಿಯನ್ನು ಚೆನ್ನಾಗಿ ಬಳಸುತ್ತದೆ. ಒಂದು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಆದರೆ ಅಷ್ಟು ಒತ್ತಡ ತಡೆಯಲು ಎಂಜಿನ್ ಗಟ್ಟಿಯಾಗಿರಬೇಕು. ಹೆಚ್ಚು ಕಬ್ಬಿಣ ಬೇಕು. ಈಗಿನ ಡೀಸೆಲ್ ಕಾರಿನಲ್ಲಿ ಎಣ್ಣೆ ಚಿಮ್ಮಿಸುವ ಒತ್ತಡ ಟೈರಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚು. ಅಂಥ ಪಂಪು, ಅಂಥ ಇಂಜೆಕ್ಟರು ಅಗ್ಗಕ್ಕೆ ಸಿಗುವುದಿಲ್ಲ. ಆದ್ದರಿಂದ ಒಂದೇ ಮಾದರಿಯ ಕಾರಾದರೂ ಡೀಸೆಲ್‌ನದಕ್ಕೆ ಬೆಲೆ ಹೆಚ್ಚು. ಕೆಟ್ಟರೆ ರಿಪೇರಿಯೂ ದುಬಾರಿ.

ನೆನಪಿಡಿ. ಡೀಸೆಲ್ ಕಾರು ಕೊಳ್ಳುವಾಗ ದುಬಾರಿ. ಓಡಿಸುವಾಗ ಅಗ್ಗ. ಪೆಟ್ರೋಲ್ ಕಾರು ಕೊಳ್ಳುವಾಗ ಅಗ್ಗ. ಓಡಿಸುವಾಗ ದುಬಾರಿ.

"ಡೀಸೆಲ್ ಅಗ್ಗ" ಎಂಬ ಮಾತು ಎಲ್ಲಿಂದ ಬಂತು?

ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಬಸ್ಸು, ಲಾರಿ, ಟ್ರ್ಯಾಕ್ಟರು, ನೀರಿನ ಪಂಪು ಎಲ್ಲಕ್ಕೂ ಡೀಸೆಲ್ ಬೇಕು. ಡೀಸೆಲ್ ಬೆಲೆ ಏರಿದರೆ ತರಕಾರಿ, ಅಕ್ಕಿ, ಬೇಳೆ ಎಲ್ಲದರ ಬೆಲೆಯೂ ಏರುತ್ತದೆ. ಆದ್ದರಿಂದ ಸರ್ಕಾರ ಬಹಳ ಕಾಲ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು.

ಆ ಲಾಭ ಕಾರಿನವರಿಗೂ ಸಿಕ್ಕಿತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಎಂಬ ಸಣ್ಣ ಕಾರು ಬಂತು. ಅದು ಪೆಟ್ರೋಲ್‌ನಲ್ಲೂ ಡೀಸೆಲ್‌ನಲ್ಲೂ ಸಿಗುತ್ತಿತ್ತು. ಡೀಸೆಲ್ ಇಂಡಿಕಾವನ್ನು ಎಷ್ಟೋ ಜನ ಟ್ಯಾಕ್ಸಿ ಮಾಡಿಕೊಂಡರು. 2007ರಲ್ಲಿ ಮಾರುತಿ ಸ್ವಿಫ್ಟ್ ಕಾರು ಕೂಡ ಡೀಸೆಲ್‌ನಲ್ಲಿ ಬಂತು.

2012ರ ಮೇ ತಿಂಗಳಿನ ದೆಹಲಿಯ ದರ ನೋಡಿ. ಪೆಟ್ರೋಲ್ ಲೀಟರಿಗೆ ಸುಮಾರು 73 ರೂಪಾಯಿ. ಡೀಸೆಲ್ ಸುಮಾರು 41 ರೂಪಾಯಿ. ಅಂತರ 32 ರೂಪಾಯಿ! ಆಗ ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಅದರಲ್ಲಿ ಆಶ್ಚರ್ಯವೇನಿದೆ?

2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. ಅಂತರ ಕಡಿಮೆಯಾಯಿತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91 ರೂಪಾಯಿ ಇತ್ತು. ಅಂತರ 12 ರೂಪಾಯಿ ಅಷ್ಟೆ.

ಇನ್ನೊಂದು ಬದಲಾವಣೆಯೂ ಆಯಿತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆ ನಿಯಮ ಬಂತು. ಅದರಂತೆ ಡೀಸೆಲ್ ಕಾರಿಗೆ ಹೊಗೆ ಸೋಸುವ ದುಬಾರಿ ಭಾಗಗಳನ್ನು ಹಾಕಬೇಕಾಯಿತು. ಸಣ್ಣ ಕಾರಿಗೆ ಆ ಖರ್ಚು ಹೊರೆಯಾಯಿತು. ಮಾರುತಿ ಕಂಪನಿ ಆಗ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಈಗ ಹೊಸ ಸಣ್ಣ ಕಾರುಗಳಲ್ಲಿ ಡೀಸೆಲ್ ಸಿಗುವುದೇ ಅಪರೂಪ. ಆದರೆ ಹಳೆಯ ಡೀಸೆಲ್ ಕಾರುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ.

ಅಂದರೆ "ಡೀಸೆಲ್ ಅಗ್ಗ" ಎಂಬುದು ಹಳೇ ಕಾಲದ ಲೆಕ್ಕ. ಇವತ್ತಿನ ಲೆಕ್ಕ ನಾವೇ ಹಾಕಬೇಕು.

ಬನ್ನಿ, ಲೆಕ್ಕ ಹಾಕೋಣ

ಲೆಕ್ಕ ಸುಲಭವಾಗಲಿ ಎಂದು ಕೆಲವು ಸಂಖ್ಯೆ ಅಂದುಕೊಳ್ಳೋಣ. ನೀವು ನಿಮ್ಮೂರ ಬಂಕಿನ ದರ, ನೀವು ನೋಡಿದ ಕಾರಿನ ಬೆಲೆ ಹಾಕಿಕೊಳ್ಳಿ.

ಪೆಟ್ರೋಲ್ ಕಾರಿನ ಬೆಲೆ: 7,00,000 ರೂಪಾಯಿ.
ಡೀಸೆಲ್ ಕಾರಿನ ಬೆಲೆ: 8,20,000 ರೂಪಾಯಿ.
ಡೀಸೆಲ್ ಕಾರಿಗೆ ಹೆಚ್ಚು ಕೊಡುವುದು: 1,20,000 ರೂಪಾಯಿ.

ಪೆಟ್ರೋಲ್ ಲೀಟರಿಗೆ 102 ರೂಪಾಯಿ. ಕಾರು ಓಡುವುದು 17 ಕಿಲೋಮೀಟರ್.
102 ಅನ್ನು 17ರಿಂದ ಭಾಗಿಸಿ. ಒಂದು ಕಿಲೋಮೀಟರಿಗೆ 6 ರೂಪಾಯಿ.

ಡೀಸೆಲ್ ಲೀಟರಿಗೆ 92 ರೂಪಾಯಿ. ಕಾರು ಓಡುವುದು 23 ಕಿಲೋಮೀಟರ್.
92 ಅನ್ನು 23ರಿಂದ ಭಾಗಿಸಿ. ಒಂದು ಕಿಲೋಮೀಟರಿಗೆ 4 ರೂಪಾಯಿ.

ಡೀಸೆಲ್ ಕಾರಿನಲ್ಲಿ ಒಂದು ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ. ಮೊದಲೇ ಹೆಚ್ಚು ಕೊಟ್ಟ 1,20,000 ರೂಪಾಯಿ ವಾಪಸ್ ಬರಬೇಕಾದರೆ ಎಷ್ಟು ದೂರ ಓಡಬೇಕು? 1,20,000 ಅನ್ನು 2ರಿಂದ ಭಾಗಿಸಿ. 60,000 ಕಿಲೋಮೀಟರ್! ಅಲ್ಲಿಯವರೆಗೆ ಡೀಸೆಲ್ ಕಾರು ಒಂದು ರೂಪಾಯಿಯನ್ನೂ ಉಳಿಸಿಲ್ಲ. ನಾವು ಕೊಟ್ಟದ್ದನ್ನೇ ಚೂರು ಚೂರಾಗಿ ವಾಪಸ್ ಕೊಡುತ್ತಿರುತ್ತದೆ.

ಮೊದಲನೇ ಮನೆ

ಈ ಮನೆಯವರದು ಡೇರಿಗೆ ಹಾಲು ಹಾಕಿ ಬಂದ ಸಂಪಾದನೆ. ಕಾರು ಬೇಕಾಗಿರುವುದು ಮನೆಯ ಬಳಕೆಗೆ. ದಿನಕ್ಕೆ 20 ಕಿಲೋಮೀಟರಿನಂತೆ ತಿಂಗಳಲ್ಲಿ 25 ದಿನ ಓಡುತ್ತದೆ. ಒಟ್ಟು 500 ಕಿಲೋಮೀಟರ್.

ಪೆಟ್ರೋಲ್ ಆದರೆ ತಿಂಗಳ ಖರ್ಚು 3,000 ರೂಪಾಯಿ.
ಡೀಸೆಲ್ ಆದರೆ 2,000 ರೂಪಾಯಿ.
ಉಳಿತಾಯ 1,000 ರೂಪಾಯಿ.

"ನೋಡಿದ್ರಾ? ತಿಂಗಳಿಗೆ ಸಾವಿರ ರೂಪಾಯಿ ಉಳೀತು!" ಎಂದು ಖುಷಿಪಡಬೇಡಿ. ಇನ್ನೂ ಲೆಕ್ಕ ಮುಗಿದಿಲ್ಲ. ಆ 1,20,000 ರೂಪಾಯಿ ಸಾಲದ್ದು. ವರ್ಷಕ್ಕೆ ನೂರಕ್ಕೆ 10 ರೂಪಾಯಿ ಬಡ್ಡಿ ಎಂದುಕೊಳ್ಳೋಣ. ಮೊದಲ ವರ್ಷ 12,000 ರೂಪಾಯಿ ಆಗುತ್ತದೆ. ತಿಂಗಳಿಗೆ 1,000 ರೂಪಾಯಿ. ಉಳಿದ ಸಾವಿರ ಬಡ್ಡಿಗೇ ಹೋಯಿತು! ಡೀಸೆಲ್ ಕಾರಿನ ಸರ್ವೀಸಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚು ಎಂದರೆ, ಅದು ಕೈಯಿಂದ ಹೋಗುತ್ತದೆ.

ಅಸಲು ತೀರಿದಂತೆ ಬಡ್ಡಿ ಕಡಿಮೆಯಾಗುತ್ತದೆ, ನಿಜ. ಮುಂದೆ ಕಾರು ಮಾರಿದರೆ ಡೀಸೆಲ್ ಕಾರಿಗೆ ಸ್ವಲ್ಪ ಹೆಚ್ಚು ಬೆಲೆ ಬಂದರೂ ಬರಬಹುದು. ಆದರೂ ತಿಂಗಳಿಗೆ 500 ಕಿಲೋಮೀಟರಿನಂತೆ 60,000 ಕಿಲೋಮೀಟರ್ ಓಡಲು 120 ತಿಂಗಳು ಬೇಕು. ಅಂದರೆ 10 ವರ್ಷ! ಈ ಮನೆಗೆ ಪೆಟ್ರೋಲ್ ಕಾರೇ ಸರಿ.

ಎರಡನೇ ಮನೆ

ಈ ಮನೆಯವರು ಹಳದಿ ಬೋರ್ಡಿನ ಟ್ಯಾಕ್ಸಿ ಓಡಿಸುತ್ತಾರೆ. ದಿನಕ್ಕೆ 100 ಕಿಲೋಮೀಟರ್. ತಿಂಗಳಲ್ಲಿ 25 ದಿನ. ಒಟ್ಟು 2,500 ಕಿಲೋಮೀಟರ್.

ಪೆಟ್ರೋಲ್ ಆದರೆ ತಿಂಗಳ ಖರ್ಚು 15,000 ರೂಪಾಯಿ.
ಡೀಸೆಲ್ ಆದರೆ 10,000 ರೂಪಾಯಿ.
ಉಳಿತಾಯ 5,000 ರೂಪಾಯಿ.

ಇದರಲ್ಲಿ ಬಡ್ಡಿ 1,000 ರೂಪಾಯಿ ಕಳೆಯಿರಿ. ಗಾಡಿ ಹೆಚ್ಚು ಓಡುವುದರಿಂದ ಸರ್ವೀಸಿಗೂ 1,000 ರೂಪಾಯಿ ಹೆಚ್ಚು ಎಂದು ಕಳೆಯಿರಿ. ಆದರೂ 3,000 ರೂಪಾಯಿ ಉಳಿಯಿತು. 1,20,000 ಅನ್ನು 3,000ದಿಂದ ಭಾಗಿಸಿದರೆ 40 ತಿಂಗಳು. ಅಂದರೆ 3 ವರ್ಷ 4 ತಿಂಗಳು. ಆಮೇಲೆ ಬರುವುದೆಲ್ಲ ನಿಜವಾದ ಉಳಿತಾಯ. ಈ ಮನೆಗೆ ಡೀಸೆಲ್ ಕಾರು ಸರಿ.

ಆದರೆ ಒಂದು ಮಾತು. ದಿನಾ 100 ಕಿಲೋಮೀಟರ್ ಬಾಡಿಗೆ ಖಂಡಿತ ಸಿಗುತ್ತದೆಯೇ? ಆಸೆಯ ಲೆಕ್ಕ ಬೇರೆ, ಸಿಗುವ ಲೆಕ್ಕ ಬೇರೆ. ಊರಿನಲ್ಲಿ ಈಗಾಗಲೇ ಟ್ಯಾಕ್ಸಿ ಓಡಿಸುವವರನ್ನು ಕೇಳಿ. ಮಳೆಗಾಲದಲ್ಲಿ ಎಷ್ಟು, ಮದುವೆ ಕಾಲದಲ್ಲಿ ಎಷ್ಟು ಎಂದು ಕೇಳಿ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ಹಣಕ್ಕೂ ತೊಂದರೆ.

ಮೈಲೇಜು ನಾವೇ ಅಳೆಯಬಹುದು

ಕಂಪನಿಯವರು ಹೇಳುವ ಮೈಲೇಜು ಪರೀಕ್ಷೆಯಲ್ಲಿ ಬಂದದ್ದು. ನಮ್ಮ ಗುಂಡಿ ರಸ್ತೆಯಲ್ಲಿ, ಮನೆಮಂದಿಯೆಲ್ಲ ಕೂತಾಗ ಅಷ್ಟು ಬರುವುದಿಲ್ಲ. ಅಳೆಯುವುದು ಹೀಗೆ.

ಟ್ಯಾಂಕು ತುಂಬಿಸಿ. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇದೆ ಎಂದು ಬರೆದಿಡಿ. ಕೆಲವು ದಿನ ಓಡಿಸಿ ಮತ್ತೆ ಟ್ಯಾಂಕು ತುಂಬಿಸಿ. ಈ ಸಲ ಎಷ್ಟು ಲೀಟರ್ ಹಿಡಿಯಿತು ನೋಡಿ. 368 ಕಿಲೋಮೀಟರ್ ಓಡಿದ ಮೇಲೆ 16 ಲೀಟರ್ ಹಿಡಿದರೆ, 368 ಅನ್ನು 16ರಿಂದ ಭಾಗಿಸಿ. 23 ಬರುತ್ತದೆ. ಅದೇ ನಿಮ್ಮ ಗಾಡಿಯ ನಿಜವಾದ ಮೈಲೇಜು.

ಈಗ ಬಂಕಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. 2025ರ ಹೊತ್ತಿಗೆ ನೂರು ಭಾಗದಲ್ಲಿ 20 ಭಾಗದಷ್ಟು ಬೆರೆಯತೊಡಗಿತು. ಎಥನಾಲ್ ಕಬ್ಬು, ಧಾನ್ಯಗಳಿಂದ ತಯಾರಾಗುತ್ತದೆ. ಅದರಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಕಡಿಮೆ. ಆದ್ದರಿಂದ ಮೈಲೇಜು ಸ್ವಲ್ಪ ಇಳಿಯಬಹುದು. ಅಳೆದು ನೋಡಲು ಇದೂ ಒಂದು ಕಾರಣ.

ಹೊಗೆಯ ಮಾತು

ಹಣದ ಲೆಕ್ಕ ಆಯಿತು. ಆರೋಗ್ಯದ ಲೆಕ್ಕವೂ ಇದೆ. ಹಳೆಯ ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡುತ್ತದೆ. ಆ ಹೊಗೆಯ ಮಸಿ ಬಹಳ ಸಣ್ಣ. ಉಸಿರಿನ ಜೊತೆ ಎದೆಯ ಆಳಕ್ಕೆ ಹೋಗುತ್ತದೆ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಹೇಳಿತು. ಮಕ್ಕಳು, ಮುದುಕರು, ದಮ್ಮು ಇರುವವರು ಈ ಹೊಗೆಯಿಂದ ದೂರ ಇರಬೇಕು. ಮನೆ ಬಾಗಿಲಲ್ಲಿ ಗಾಡಿ ಸುಮ್ಮನೆ ಚಾಲೂ ಇಡಬಾರದು.

ಬಿ.ಎಸ್. 6 ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಹೊಗೆ ಬಹಳ ಕಡಿಮೆ. ಆದರೆ ಆ ಜರಡಿಯಲ್ಲಿ ಸೇರಿದ ಮಸಿ ಸುಟ್ಟುಹೋಗಲು ಗಾಡಿ ಆಗಾಗ ದೂರ ಓಡಬೇಕು. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಜರಡಿ ಕಟ್ಟಿಕೊಳ್ಳುತ್ತದೆ. ಆಗ ಗ್ಯಾರೇಜಿನ ಖರ್ಚು. ಕಡಿಮೆ ಓಡಿಸುವವರಿಗೆ ಡೀಸೆಲ್ ಬೇಡ ಎನ್ನಲು ಇದು ಇನ್ನೊಂದು ಕಾರಣ.

ಪೆಟ್ರೋಲ್ ಹೊಗೆ ಕಾಣುವುದಿಲ್ಲ. ಹಾಗೆಂದು ಅದು ಒಳ್ಳೆಯದಲ್ಲ. ಅದರಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಇರುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಯಾವ ಗಾಡಿಯನ್ನೂ ಚಾಲೂ ಮಾಡಿ ಇಡಬೇಡಿ. ಪ್ರಾಣಕ್ಕೇ ಅಪಾಯ.

ಹಳೇ ಕಾರು ಕೊಳ್ಳುವಾಗ

ಹಳೇ ಡೀಸೆಲ್ ಕಾರು ಕಡಿಮೆ ಬೆಲೆಗೆ ಸಿಗುತ್ತದೆ ಎಂದು ದುಡುಕಬೇಡಿ. ಮಾರುವವರು ಏಕೆ ಮಾರುತ್ತಿದ್ದಾರೆ? ಎಷ್ಟು ಕಿಲೋಮೀಟರ್ ಓಡಿದೆ? ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿಸಿ. ಹೊಗೆಯ ಬಣ್ಣ ನೋಡಿ. ಪಂಪು, ಇಂಜೆಕ್ಟರು ಹೇಗಿದೆ ಎಂದು ಕೇಳಿ. ಅವು ಕೆಟ್ಟರೆ ಒಂದೇ ರಿಪೇರಿಗೆ ಒಂದು ವರ್ಷದ ಉಳಿತಾಯ ಹೋಗಬಹುದು.

ಆರ್.ಸಿ. ಪುಸ್ತಕ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ ಸಾಮಾನ್ಯವಾಗಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ, ಹಣ ಕಟ್ಟಿ ನವೀಕರಿಸಬೇಕು. ಇನ್ನೆಷ್ಟು ವರ್ಷ ಉಳಿದಿದೆ ಎಂದು ಎಣಿಸಿ. ವಿಮೆ ಇದೆಯೇ? ಹೊಗೆ ತಪಾಸಣೆಯ ಚೀಟಿ ಇದೆಯೇ? ಹಳೇ ಸಾಲ ಬಾಕಿ ಇದೆಯೇ? ಎಲ್ಲವನ್ನೂ ನೀವೇ ಓದಿ.

ಬಂಕಿನಲ್ಲಿ ಎಚ್ಚರ

ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಬಾರದು. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಬಾರದು. ಬಂಕಿನಲ್ಲಿ ಬಾಯಿ ಬಿಟ್ಟು ಹೇಳಿ. ತಪ್ಪಿ ಹಾಕಿದರೆ ಕೀಲಿ ತಿರುಗಿಸಲೇಬೇಡಿ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಮೆಕ್ಯಾನಿಕ್ ಬಂದು ಟ್ಯಾಂಕು ಖಾಲಿ ಮಾಡಲಿ.

ಸಹಿ ಹಾಕುವ ಮೊದಲು

ಶೋರೂಮಿನವರು "ತಿಂಗಳಿಗೆ ಇಷ್ಟೇ ಕಂತು, ಅಕ್ಕಾ" ಎನ್ನುತ್ತಾರೆ. ಕಂತು ಎಷ್ಟು ಎಂದು ಕೇಳಿದರೆ ಸಾಲದು. ಎಷ್ಟು ಕಂತು ಎಂದೂ ಕೇಳಿ. ಎರಡನ್ನೂ ಗುಣಿಸಿ. ಒಟ್ಟು ಎಷ್ಟು ಕಟ್ಟುತ್ತೇವೆ ಎಂಬುದು ಆಗ ಗೊತ್ತಾಗುತ್ತದೆ.

ಬಡ್ಡಿ ಉಳಿದ ಅಸಲಿಗೋ, ಮೊದಲಿನ ಪೂರ್ತಿ ಅಸಲಿಗೋ ಎಂದು ಕೇಳಿ. ಪೂರ್ತಿ ಅಸಲಿಗೆ ಕೊನೆಯವರೆಗೂ ಬಡ್ಡಿ ಹಾಕಿದರೆ ಹೊರೆ ಬಹಳ ಹೆಚ್ಚು. ಆರ್.ಸಿ. ಯಾರ ಹೆಸರಿನಲ್ಲಿ ಇರುತ್ತದೆ ಎಂದು ಕೇಳಿ. ಸಾಲಕ್ಕೆ ನಿಮ್ಮ ಸಹಿ, ಒಡವೆಯೂ ನಿಮ್ಮದು ಎಂದಾದರೆ, ಗಾಡಿ ನಿಮ್ಮ ಹೆಸರಿನಲ್ಲಿ ಇರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಲೇಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ ಹಿರಿಯರು. ಹಾಸಿಗೆ ಎಷ್ಟು ಉದ್ದ ಎಂದು ಅಳೆಯಲು ಈಗ ನಮಗೂ ಬರುತ್ತದೆ. ಗ್ಯಾಸಿನ ಕಾರು, ಕರೆಂಟಿನ ಕಾರು ಬಂದರೂ ಕೇಳಬೇಕಾದ ಪ್ರಶ್ನೆ ಇದೇ: ಕೊಳ್ಳುವಾಗ ಎಷ್ಟು ಹೆಚ್ಚು? ಓಡಿಸುವಾಗ ಎಷ್ಟು ಕಡಿಮೆ? ನಾವು ಎಷ್ಟು ಓಡಿಸುತ್ತೇವೆ?

ನೀವೇ ಲೆಕ್ಕ ಹಾಕಿ

ಮೂರನೇ ಮನೆಯ ಕಾರು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ. ತಿಂಗಳಲ್ಲಿ 25 ದಿನ. ಕಿಲೋಮೀಟರಿಗೆ 2 ರೂಪಾಯಿ ಉಳಿಯುತ್ತದೆ. ಬಡ್ಡಿ ತಿಂಗಳಿಗೆ 1,000 ರೂಪಾಯಿ. ಹೆಚ್ಚಿನ ಸರ್ವೀಸ್ ಖರ್ಚು 500 ರೂಪಾಯಿ. ತಿಂಗಳಿಗೆ ಕೊನೆಗೆ ಉಳಿಯುವುದು ಎಷ್ಟು? (ಉತ್ತರ: 500 ರೂಪಾಯಿ)

ಸಂಘದಲ್ಲಿ ಮಾತಾಡಿ

1. ಮೂರನೇ ಮನೆಯವರು ಯಾವ ಕಾರು ಕೊಂಡರೆ ಒಳ್ಳೆಯದು? ಏಕೆ?
2. ನಿಮ್ಮೂರ ಬಂಕಿನಲ್ಲಿ ಇವತ್ತು ಪೆಟ್ರೋಲ್ ಎಷ್ಟು, ಡೀಸೆಲ್ ಎಷ್ಟು? ಅಂತರ ಎಷ್ಟು?
3. ನಿಮ್ಮೂರಿನಲ್ಲಿ ಸಾಲ ಮಾಡಿ ಗಾಡಿ ಕೊಂಡವರು ಇದ್ದಾರೆಯೇ? ಕೊಳ್ಳುವ ಮೊದಲು ಮನೆಯ ಹೆಂಗಸರನ್ನು ಕೇಳಿದ್ದರೇ?